ಇಪ್ಪತ್ತೇಳನೆಯ ಸಂದೇಶ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಯಂತ್ರದ್ದಲ್ಲ, ಅದನ್ನು ನಡೆಸುತ್ತಿದ್ದ ಅಕ್ಕನದೂ ಅಲ್ಲ. ಒಬ್ಬರ ಕೆಲಸವನ್ನೇ ಕಳೆಯಲು ಹೊರಟಿದ್ದ ಆ ಎಡವಟ್ಟನ್ನು ನಾನೇ ಕೂತು, ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ, ಎರಡು ಸಾಲಿಗೆ ಸರಿಹೊಂದುವಂತೆ ಟೈಪ್ ಮಾಡಿದ್ದೆ. ಟೈಪ್ ಮಾಡಿ, ಒಮ್ಮೆ ಜೋರಾಗಿ ಓದಿಕೊಂಡು, ನನ್ನ ಜೋಕಿಗೆ ನಾನೇ ನಕ್ಕು, ಕಾಫಿಗೆ ಹೋಗಿದ್ದೆ.

ಆಗ ನಾನು ಕೆಲಸ ಮಾಡುತ್ತಿದ್ದದ್ದು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಒಳರಸ್ತೆಯ ವರ್ಕ್‌ಶಾಪಿನಲ್ಲಿ. ಬೇರೆ ಕಾರ್ಖಾನೆಗಳಿಗೆ ಅವರ ಅಗತ್ಯಕ್ಕೆ ತಕ್ಕ ಯಂತ್ರ ಮಾಡಿಕೊಡುವುದು ನಮ್ಮ ಕಸುಬು. ಕಬ್ಬಿಣದ ಕೆಲಸ ಕೆಳಗೆ, ತಲೆಯ ಕೆಲಸ ಅಟ್ಟದ ಮೇಲೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅಟ್ಟದ ಮೇಲೆ ಇದ್ದದ್ದು ನಾನು, ಒಂದು ಕಂಪ್ಯೂಟರು ಮತ್ತು ಬಿಸಿ ಗಾಳಿಯನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಒಂದು ಫ್ಯಾನು. ತಲೆಯೂ ಇತ್ತೆಂದು ಇವತ್ತು ಪ್ರಮಾಣ ಮಾಡಿ ಹೇಳಲಾರೆ.

ಯಂತ್ರದ ಮುಖದ ಮೇಲೆ ಅಂಗೈ ಅಗಲದ ಒಂದು ಹಸಿರು ಪರದೆ ಇರುತ್ತದೆ. ಒಳಗೆ ಏನಾದರೂ ಹೆಚ್ಚುಕಮ್ಮಿಯಾದರೆ ಬಜ಼ರ್ ಕೂಗಿ ಪರದೆಯಲ್ಲಿ ಸಂದೇಶ ಬರುತ್ತದೆ: ಎಣ್ಣೆ ಕಡಿಮೆ, ಬಾಗಿಲು ತೆರೆದಿದೆ, ಮೋಟಾರು ನಿಂತಿದೆ. ನಡೆಸುವವರು ಅದನ್ನು ಓದಿ, ಮಾಡಬೇಕಾದ್ದನ್ನು ಮಾಡಿ, ಓಕೆ ಎಂಬ ಗುಂಡಿ ಒತ್ತಬೇಕು. ಆ ಸಂದೇಶಗಳನ್ನು ಬರೆಯುವುದೇ ನನ್ನ ಕೆಲಸ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಸಾಲಿಗೆ ಇಪ್ಪತ್ತು ಅಕ್ಷರ, ಒಟ್ಟು ಎರಡು ಸಾಲು. ಆ ಪರದೆಗೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ, ಕಾರ್ಖಾನೆಯ ಜನಕ್ಕೆ ಇಂಗ್ಲಿಷ್ ಮಾತು ಬರುತ್ತಿರಲಿಲ್ಲ. ಹಾಗಾಗಿ ಅಕ್ಷರ ಇಂಗ್ಲಿಷಿನವರದು, ಮಾತು ನಮ್ಮದು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇಲ್ಲ. ಆದರೆ ನನಗೆ ಚಿಕ್ಕಂದಿನಿಂದ ಇನ್ನೊಬ್ಬರ ದನಿಯಲ್ಲಿ ಮಾತಾಡುವ ತೀಟೆ. ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿ, ಹೊಸಹಳ್ಳಿ ಕಡೆಯ ಬಸ್ಸಿನ ಕಂಡಕ್ಟರು, ವರ್ಕ್‌ಶಾಪಿನ ಒಡೆಯರಾದ ನಮ್ಮ ಸಾರ್, ಯಾರನ್ನೂ ಬಿಟ್ಟವನಲ್ಲ. ಬರೀ "ಬಾಗಿಲು ಮುಚ್ಚಿ" ಎಂದು ಬರೆಯಲು ಕೈ ಬರಲಿಲ್ಲ. ಯಂತ್ರದ ಬಾಗಿಲು ತೆರೆದಿದ್ದರೆ ಕಂಡಕ್ಟರ್ ಕೂಗಬೇಕು: "ಬಾಗ್ಲಲ್ಲಿ ನಿಲ್ಬೇಡ್ರಿ, ಒಳಗ್ ನಡೀರಿ." ಎಣ್ಣೆ ಸೋರಿದರೆ ಓನರ್ ಆಂಟಿ: "ನಲ್ಲಿ ಸರ್ಯಾಗ್ ತಿರ್ಗಿಸ್ಬಾರ್ದಾ?" ಯಂತ್ರ ಇನ್ನೂ ಕಾಯ್ದಿಲ್ಲ, ಸ್ವಲ್ಪ ತಡೆಯಿರಿ ಎನ್ನುವ ಸಂದೇಶಕ್ಕೆ ನನ್ನ ದನಿಯನ್ನೇ ಕೊಟ್ಟಿದ್ದೆ: "ಬಂದ್ಬಿಟ್ಟೆ ಸಾರ್, ಟೋಲ್‌ಗೇಟ್ ಹತ್ರ ಇದೀನಿ." ನಾನು ಹಾಸಿಗೆಯಲ್ಲೇ ಮಲಗಿದ್ದು ಈ ಮಾತು ಹೇಳುತ್ತಿದ್ದದ್ದು ವರ್ಕ್‌ಶಾಪಿಗೆಲ್ಲ ಗೊತ್ತಿತ್ತು.

ಕೆಳಗಿನ ಫಿಟ್ಟರುಗಳು ಬಾಗಿಲು ತೆಗೆದು, ಓದಿ, ನಕ್ಕು, ಮುಚ್ಚಿ, ಮತ್ತೆ ತೆಗೆಯುತ್ತಿದ್ದರು. ಸಾರ್ ಕೂಡ ಕನ್ನಡಕ ಮೇಲೆತ್ತಿ ನಾಲ್ಕೈದು ಓದಿ ಹೊಟ್ಟೆ ಹಿಡಿದುಕೊಂಡರು. ಆಮೇಲೆ, "ಲೋ, ಟೆಸ್ಟಿಂಗ್ ಮುಗಿದ್ಮೇಲೆ ಇದೆಲ್ಲ ತೆಗೆದು ನೆಟ್ಟಗಿರೋದು ಹಾಕ್ಬೇಕು, ಮರೀಬೇಡ" ಎಂದರು.

ಅವರು ಓದದೆ ಉಳಿದದ್ದು ಇಪ್ಪತ್ತೇಳನೆಯದು. ಅದು ಅವರದೇ ದನಿ.

ನಮ್ಮ ಸಾರ್‌ಗೆ ಒಂದು ಮಾತಿತ್ತು. ಏನೇ ಕೆಟ್ಟರೂ, ವೈರು ಸುಟ್ಟರೂ, ಲಾರಿಯವನು ಕೈಕೊಟ್ಟರೂ, ಮೂಗಿನಿಂದ ಒಂದು "ಹ್ಞೂಂ" ಎಳೆದು, "ಪರವಾಗಿಲ್ಲ, ನೋಡ್ಕೊಳೋಣ" ಎನ್ನುತ್ತಿದ್ದರು. ಎಲ್ಲ ಸಂದೇಶಗಳ ನಡುವೆ ಸಾರ್ ಇಲ್ಲದಿದ್ದರೆ ಹೇಗೆ? ಯಂತ್ರದ ಕಾವು ಇರಬೇಕಾದ್ದಕ್ಕಿಂತ ಏರಿದಾಗ ಬರುವ ಎಚ್ಚರಿಕೆಗೆ ಬರೆದೆ: "ಬಿಸಿ ಜಾಸ್ತಿ ಆಯ್ತು. ಪರವಾಗಿಲ್ಲ, ನೋಡ್ಕೊಳೋಣ."

ಇಲ್ಲಿ ಒಂದು ವಿಷಯ ಹೇಳಬೇಕು. ಅದು ರಬ್ಬರಿನ ಬಿಲ್ಲೆಗಳನ್ನು ಅಚ್ಚಿನಲ್ಲಿಟ್ಟು, ಕಾಯಿಸಿ, ಒತ್ತುವ ಯಂತ್ರ. ಕಾವು ಏರಿದಾಗ ಅದು ಎರಡು ಹಂತದಲ್ಲಿ ವರ್ತಿಸುತ್ತದೆ. ಮೊದಲು ಬರೀ ಹೇಳುತ್ತದೆ. ಇನ್ನೂ ಏರಿದರೆ ತಾನೇ ನಿಲ್ಲುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಯಂತ್ರಕ್ಕೆ ಏನೂ ಆಗುವುದಿಲ್ಲ, ಆದರೆ ರಬ್ಬರು ಹಾಳಾಗುತ್ತದೆ. ಆ ಸಂದರ್ಭದಲ್ಲಿ ರಬ್ಬರನ್ನು ಕಾಪಾಡುವುದು ಪರದೆಯ ಮೇಲಿನ ಎರಡು ಸಾಲು ಮಾತ್ರ.

ಯಂತ್ರ ಕಳಿಸುವ ದಿನ ಶುಕ್ರವಾರ. ನಮ್ಮಲ್ಲಿ ಯಾವ ಯಂತ್ರವೂ ಪೂಜೆಯಿಲ್ಲದೆ ಗೇಟು ದಾಟುತ್ತಿರಲಿಲ್ಲ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಒಂಬತ್ತೂಮುಕ್ಕಾಲಿಗೆ ನಾನು ಅಟ್ಟದಿಂದ ಲ್ಯಾಪ್‌ಟಾಪೂ ಕೇಬಲ್ಲೂ ಹಿಡಿದು ಇಳಿದರೆ, ಯಂತ್ರದ ತುಂಬ ಅರಿಶಿನ ಕುಂಕುಮ. ನಾನು ಕೇಬಲ್ ಚುಚ್ಚಬೇಕಾದ ಜಾಗದ ಮುಂದೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ ಹೊಗೆಯಾಡುತ್ತಿದೆ.

"ಸಾರ್, ಹತ್ತು ನಿಮಿಷ. ಮೆಸೇಜ್ ಬದಲಾಯಿಸ್ಬೇಕು."

"ಈಗ್ಲಾ? ಮಂಗಳಾರತಿ ಆಗಿರೋ ಮಷೀನ್‌ಗೆ ಕರೆಂಟ್ ಹಾಕಿ ಅದರ ತಲೆ ಬಿಚ್ತೀಯಾ? ಅಲ್ಲಿ ಹೋಗಿ ಇಳ್ಸಿದ್ಮೇಲೆ ಹಾಕು. ಲಾರಿ ತೆಗೀರಪ್ಪಾ, ನಿಂಬೆಹಣ್ಣು ಇಟ್ಟಾಯ್ತಾ?"

ಇಲ್ಲಿಯವರೆಗೆ ತಪ್ಪನ್ನು ರಾಹುಕಾಲದ ಮೇಲೆ ಹಾಕಬಹುದು. ಮುಂದಿನದಕ್ಕೆ ಯಾವ ಗ್ರಹವೂ ಜವಾಬ್ದಾರಿ ಹೊರುವುದಿಲ್ಲ.

ಯಂತ್ರ ಹೋದದ್ದು ಹೇರೋಹಳ್ಳಿಯ ಒಂದು ಶೆಡ್ಡಿಗೆ. ಮಾಗಡಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಒಂದು ಕಡೆ ಹಳೇ ಊರಿನ ಹೆಂಚಿನ ಮನೆ, ಇನ್ನೊಂದು ಕಡೆ ನಿನ್ನೆ ಮೊನ್ನೆ ಎದ್ದ ಮೂರು ಮಹಡಿ, ನಡುವೆ ರಸ್ತೆ ಎಂದು ಕರೆಯಲ್ಪಡುವ ಹಳ್ಳಗಳ ಸಾಲು. ಯಂತ್ರವನ್ನು ನಡೆಸಲು ಶೆಡ್ಡಿನ ಯಜಮಾನರು ಆರಿಸಿದ್ದು ಒಬ್ಬ ಹೆಂಗಸನ್ನು. ಗದಗದ ಕಡೆಯವರು, ನಲವತ್ತರ ಆಸುಪಾಸು. ಬಂದ ಹೊಸತರಲ್ಲಿ ಬಿಲ್ಲೆಯ ಅಂಚು ಕತ್ತರಿಸುವ ಕೆಲಸಕ್ಕೆ ಕೂತಿದ್ದವರು, ಎರಡು ವರ್ಷ ಕತ್ತರಿ ಹಿಡಿದು, ಸಂಜೆ ಹೊತ್ತು ಹಳೇ ಯಂತ್ರದ ಪಕ್ಕ ನಿಂತು ನೋಡಿ ನೋಡಿ ಕಲಿತವರು. ಆ ಶೆಡ್ಡಿನಲ್ಲಿ ಯಂತ್ರ ಮುಟ್ಟಿದ ಮೊದಲ ಹೆಂಗಸು. ಗಂಡಸರು ಅವರನ್ನು ಅಕ್ಕಾ ಎನ್ನುತ್ತಿದ್ದರು; ಮರೆಯಲ್ಲಿ, ಇವತ್ತಲ್ಲ ನಾಳೆ ಕತ್ತರಿಗೇ ವಾಪಸ್ ಬರ್ತಾಳೆ ಎನ್ನುತ್ತಿದ್ದರು.

ಅಕ್ಕ ಕನ್ನಡ ಚೆನ್ನಾಗಿ ಓದುತ್ತಿದ್ದರು. ಇಂಗ್ಲಿಷ್ ಅಕ್ಷರ ಒಂದೊಂದಾಗಿ ಕೂಡಿಸಿ ಓದಬೇಕಿತ್ತು. ಎರಡು ದಿನ ಪಕ್ಕದಲ್ಲಿ ನಿಂತು ನಾನೇ ಕಲಿಸಿದೆ. ಓದದೆ ಒತ್ತಬೇಡಿ ಎಂದು ಹೇಳಿ, ಒಂದೊಂದೇ ಸಂದೇಶ ತರಿಸಿ, ಓದಿಸಿ, ಅದರ ಅರ್ಥ ಕೇಳಿ, ಗುಂಡಿ ಒತ್ತಿಸಿದೆ. ಅವರು ಕಂಡಕ್ಟರನ್ನು ಓದಿದಾಗ ಶೆಡ್ಡಿನ ಹುಡುಗರೆಲ್ಲ ಸುತ್ತ ಸೇರಿದರು.

"ಮಚ್ಚಾ, ಮಷೀನು ಬೈಯುತ್ತೆ ಕಣೋ! ಇನ್ನೊಂದ್ಸಲ ತೆಗಿ, ಇನ್ನೊಂದ್ಸಲ!"

"ಯಾರ್ ಗುರು ಇದನ್ನ ಬರ್ದಿದ್ದು? ನೀನಾ? ಸೂಪರ್ ಮಗಾ!"

ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು, ಕೇಬಲ್ ಇತ್ತು, ಸಾರ್ ಹೇಳಿದ ನೆಟ್ಟಗಿನ ಸಂದೇಶಗಳ ಫೈಲೂ ಇತ್ತು. ಹಾಕಲು ಬೇಕಾದ್ದು ಹತ್ತೇ ನಿಮಿಷ. ಆದರೆ ಎದುರಿಗೆ ಚಪ್ಪಾಳೆ ತಟ್ಟುವ ಜನ ನಿಂತಿರುವಾಗ ಮಿಮಿಕ್ರಿಯವನು ವೇಷ ಕಳಚುತ್ತಾನೆಯೇ? ನಾಳೆ ಹಾಕಿದರಾಯಿತು ಎಂದುಕೊಂಡೆ. ನಾಳೆ ಬೇರೆ ಕೆಲಸ ಬಂತು. ಅಕ್ಕ ಇಪ್ಪತ್ತೇಳನೆಯದನ್ನು ಓದಿ, "ಅಂದ್ರ ಇದಕ್ಕ ಏನ್ ಮಾಡೂದ್ರೀ?" ಎಂದು ಕೇಳಿದ್ದು ನೆನಪಿದೆ. "ಏನಿಲ್ಲ ಅಕ್ಕಾ, ಓಕೆ ಒತ್ತಿ, ಸ್ವಲ್ಪ ಕಣ್ಣಿಡಿ ಅಷ್ಟೇ" ಎಂದು ಹೇಳಿ, ಹುಡುಗರ ಕಡೆ ತಿರುಗಿ ಸಾರ್‌ರ ಹಾಗೆ ಮೂಗಿನಿಂದ ಹ್ಞೂಂ ಎಳೆದು ತೋರಿಸಿದ್ದೆ.

ಮೂರು ವಾರ ಕಳೆದಿರಬಹುದು. ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೇರೋಹಳ್ಳಿಯ ಯಜಮಾನರ ಫೋನು. ಸಾರ್ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಕುರ್ಚಿಯಿಂದ ಎದ್ದರು. ಯಂತ್ರದ ಕಾವು ಹಿಡಿತ ತಪ್ಪಿದೆ. ಒಂದು ಇಡೀ ಬೆಳಗಿನ ಬಿಲ್ಲೆಗಳು ಸುಟ್ಟಿವೆ, ರಬ್ಬರು ಅಚ್ಚಿಗೆ ಮೆತ್ತಿಕೊಂಡು ಅಚ್ಚು ಯಂತ್ರದೊಳಗೇ ಕಚ್ಚಿಕೊಂಡಿದೆ. ನಡೆಸುವ ಹೆಂಗಸನ್ನು ಕೇಳಿದರೆ ಯಂತ್ರವೇ ಬಿಡು ಅಂದಿತು ಎನ್ನುತ್ತಾಳೆ. ಬಜ಼ರ್ ಕೂಗಿದ್ದು ಅಕ್ಕಪಕ್ಕದವರಿಗೆಲ್ಲ ಕೇಳಿಸಿದೆ.

ಸಾರ್ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಅಟ್ಟದ ಕಡೆ ನೋಡಿದರು.

"ಲೋ, ಆ ತಮಾಷೆ ಮೆಸೇಜೆಲ್ಲ ಅವತ್ತೇ ತೆಗ್ದಿದೀಯ ತಾನೇ?"

ಈ ಪ್ರಶ್ನೆಗೆ ಒಂದು ಪ್ರಾಮಾಣಿಕ ಉತ್ತರವಿತ್ತು. ನಾನು ಕೊಟ್ಟದ್ದು ಇನ್ನೊಂದು.

"ಹ್ಞೂ ಸಾರ್. ಅವತ್ತೇ."

ಸಾರ್ ಕೈ ತೆಗೆದು ಫೋನಿಗೆ ಹೇಳಿದರು: "ನಮ್ಮ ಮಷೀನು ಹಂಗೆಲ್ಲ ಹೇಳಲ್ಲ ಸಾರ್. ನಮ್ಮ ಹುಡುಗ ಖುದ್ದಾಗಿ ನಿಂತು ಹಾಕಿದಾನೆ. ಮಷೀನ್ ಒಳಗೆ ಎಲ್ಲಾ ರೆಕಾರ್ಡ್ ಆಗಿರುತ್ತೆ, ಯಾವಾಗ ಹೇಳ್ತು, ಯಾವಾಗ ಇವ್ರು ಓಕೆ ಒತ್ತಿದ್ರು, ಎಲ್ಲಾ. ಬಂದು ತೆಗೆದು ತೋರಿಸ್ತೀವಿ."

ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು, ಅಷ್ಟು ಜೋರಾಗಿತ್ತು. "ಬನ್ನಿ. ನಿಮ್ಮ ರೆಕಾರ್ಡ್ ನೋಡ್ಕೊಂಡು ಇವಳನ್ನ ಮನೆಗೆ ಕಳಿಸ್ತೀನಿ."

ಸಾರ್‌ರ ಸ್ಕೂಟರಿನ ಹಿಂದೆ ಕೂತು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹೊರಟೆ. ಬಸವೇಶ್ವರನಗರದ ನಮ್ಮ ಬೀದಿಯ ತುದಿ ದಾಟಿದೆವು. ಇಳಿದು ಮನೆಗೆ ಓಡಿಬಿಡಲೇ ಎನ್ನಿಸಿತು. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ. ಸಾರ್ ಗಾಳಿಗೆ ಮುಖ ತಿರುಗಿಸಿ ಕೂಗುತ್ತಿದ್ದರು: "ಜನಕ್ಕೆ ಓದೋ ತಾಳ್ಮೆ ಇಲ್ಲ ಕಣೋ. ಓಕೆ ಓಕೆ ಅಂತ ಒತ್ತಿಬಿಡ್ತಾರೆ. ಪಾಪ, ಆ ಹೆಂಗಸು." ನಾನು ಅವರ ಬೆನ್ನಿಗೆ "ಹೌದು ಸಾರ್, ಹೌದು ಸಾರ್" ಎಂದೆ. ದಿನವೂ ಹತ್ತು ಜನರ ದನಿ ತೆಗೆಯುವವನಿಗೆ ಆ ದಿನ ತನ್ನ ದನಿಯೇ ಸರಿಯಾಗಿ ಹೊರಡಲಿಲ್ಲ.

ಅಷ್ಟರಲ್ಲಿ ನನ್ನ ಲೆಕ್ಕಾಚಾರವೂ ಮುಗಿದಿತ್ತು. ಕಾವಿನ ಸ್ವಿಚ್ಚು ಆರಿಸಿದಾಗಲೇ ಆ ಸಂದೇಶ ಪರದೆಯಿಂದ ಮಾಯವಾಗಿರುತ್ತದೆ. ಯಂತ್ರದ ನೆನಪಿನಲ್ಲಿ ಜಾಗ ಕಡಿಮೆ. ಅದು ಅಕ್ಷರಗಳನ್ನು ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇಪ್ಪತ್ತೇಳು ಬಂತು, ಓಕೆ ಒತ್ತಿದರು, ಇಷ್ಟೇ. ಇಪ್ಪತ್ತೇಳು ಎಂದರೆ ಏನು ಎಂಬುದು ಪರದೆಯೊಳಗಿನ ಪಟ್ಟಿಯಲ್ಲಿದೆ. ರೆಕಾರ್ಡ್ ತೆಗೆಯುವ ನೆಪದಲ್ಲಿ ಕೇಬಲ್ ಚುಚ್ಚಿ, ಅದೇ ಕೈಯಲ್ಲಿ ನೆಟ್ಟಗಿನ ಫೈಲನ್ನು ಒಳಗೆ ತಳ್ಳಿಬಿಟ್ಟರೆ, ಅಲ್ಲಿಗೆ ಇಪ್ಪತ್ತೇಳು ಎಂದರೆ "ಬಿಸಿ ಜಾಸ್ತಿ, ಹೀಟರ್ ಆಫ್ ಮಾಡಿ." ಮೊದಲಿನಿಂದಲೂ ಹಾಗೇ ಇತ್ತು ಎನ್ನಬಹುದು. ಹುಡುಗರು ಕಂಡಕ್ಟರಿಗೆ ನಕ್ಕವರೇ ಹೊರತು ಇಪ್ಪತ್ತೇಳನೆಯದನ್ನು ನೆನಪಿಟ್ಟವರಲ್ಲ, ಯಜಮಾನರ ಎದುರು ಬಾಯಿ ಬಿಡುವವರೂ ಅಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿರುವ ಒಬ್ಬರನ್ನು ಹೇಗೂ ಮನೆಗೆ ಕಳಿಸುತ್ತಿದ್ದಾರೆ.

ಇದನ್ನು ನಾನು ಯೋಚಿಸಿದೆ. ಯೋಚಿಸಲಿಲ್ಲ ಎಂದು ಬರೆಯಬಹುದಿತ್ತು, ಬರೆಯುವುದಿಲ್ಲ.

ಶೆಡ್ಡಿನಲ್ಲಿ ಸುಟ್ಟ ರಬ್ಬರಿನ ವಾಸನೆ ಗಂಟಲು ಹಿಡಿಯುವಂತಿತ್ತು. ಉಳಿದ ಯಂತ್ರಗಳು ನಡೆಯುತ್ತಿದ್ದವು, ಆದರೆ ಅವುಗಳ ಮುಂದೆ ನಿಂತವರೆಲ್ಲ ಈ ಕಡೆಗೇ ಕಿವಿ ಕೊಟ್ಟಿದ್ದರು. ನಮ್ಮ ಯಂತ್ರದ ಮುಂದೆ ಯಜಮಾನರು, ಕೈಯಲ್ಲಿ ಕಪ್ಪಾದ ಒಂದು ಬಿಲ್ಲೆ. ಮೂರು ಹೆಜ್ಜೆ ಆಚೆ ಅಕ್ಕ. ಬೆಳಗ್ಗೆಯಿಂದ ನಿಂತೇ ಇದ್ದರಂತೆ. ಕೈಗವಸು ಇನ್ನೂ ಕಳಚಿರಲಿಲ್ಲ.

"ನೋಡ್ರಿ," ಎಂದು ಯಜಮಾನರು ಬಿಲ್ಲೆಯನ್ನು ಸಾರ್ ಕೈಗೆ ಹಾಕಿದರು. "ಹೆಂಗಸರಿಗೆ ಮಷೀನ್ ಕೊಡ್ಬೇಡಿ ಅಂತ ಎಲ್ಲಾ ಹೇಳಿದ್ರು. ಕೊಟ್ಟೆ. ಇದು ನನಗೆ ಸಿಕ್ಕಿದ್ದು. ತೆಗೀರಪ್ಪ ನಿಮ್ಮ ರೆಕಾರ್ಡು."

ನಾನು ಒಂದು ಡ್ರಮ್ಮಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೇಬಲ್ ಚುಚ್ಚಿದೆ. ರೆಕಾರ್ಡ್ ಬಂತು. ಇಪ್ಪತ್ತೇಳು, ಓಕೆ. ಇಪ್ಪತ್ತೇಳು, ಓಕೆ. ಒಟ್ಟು ಒಂಬತ್ತು ಸಲ. ಪ್ರತಿ ಸಲವೂ ಬಜ಼ರ್ ಕೂಗಿ ಸುಮಾರು ಅರ್ಧ ನಿಮಿಷವಾದ ಮೇಲೆ ಓಕೆ. ಕೂಡಿಸಿ ಕೂಡಿಸಿ ಓದಲು ಅಕ್ಕನಿಗೆ ಅಷ್ಟು ಹೊತ್ತು ಬೇಕಿತ್ತು ಎಂದು ನನಗೆ ಗೊತ್ತಿತ್ತು. ಒಂಬತ್ತು ಸಲವೂ ಅವರು ಓದಿಯೇ ಒತ್ತಿದ್ದರು.

ಯಜಮಾನರಿಗೆ ಕಂಡದ್ದು ಒಂಬತ್ತು ಓಕೆ ಮಾತ್ರ.

"ಒಂಬತ್ತು ಸಲ! ಒಂಬತ್ತು ಸಲ ಹೇಳಿದೆ ಮಷೀನು! ಏನಮ್ಮಾ, ಕಣ್ಣು ಎಲ್ಲಿತ್ತು?"

"ಕಣ್ಣ ಪರದೇ ಮ್ಯಾಗ ಇತ್ರೀ," ಎಂದರು ಅಕ್ಕ. ದನಿ ಏರಿಸಲಿಲ್ಲ. "ಅದು ಏನ್ ಹೇಳಿತು ಅಂತ ಮುಂಜಾನಿಂದ ಹೇಳಾಕತ್ತೀನಿ, ನೀವು ಕೇಳವಲ್ರಿ."

"ಏನ್ ಹೇಳ್ತು? ಇವರ ಮುಂದೇನೇ ಹೇಳು."

ಅಕ್ಕ ಯಂತ್ರದ ಕಡೆ ನೋಡುತ್ತ, ಪಾಠ ಒಪ್ಪಿಸುವ ಮಕ್ಕಳ ಹಾಗೆ, ನಾನು ಕಲಿಸಿದ ಅದೇ ಏರಿಳಿತದಲ್ಲಿ ಹೇಳಿದರು: "ಬಿಸಿ ಜಾಸ್ತಿ ಆಯ್ತು. ಪರವಾಗಿಲ್ಲ, ನೋಡ್ಕೊಳೋಣ."

ಯಜಮಾನರು ನಗೆಯಂಥದೊಂದನ್ನು ನಕ್ಕರು. "ಕೇಳಿದ್ರಾ ಕಥೆ?"

ಸಾರ್ ನಗಲಿಲ್ಲ. ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸುತ್ತಿದ್ದವರು ನಿಲ್ಲಿಸಿದರು. ಗದಗದ ಹೆಂಗಸಿನ ಬಾಯಲ್ಲಿ ತನ್ನದೇ ಮಾತು, ತನ್ನದೇ ರಾಗ. ನಿಧಾನವಾಗಿ ಕನ್ನಡಕ ಮೇಲೆತ್ತಿ ನನ್ನ ಕಡೆ ನೋಡಿದರು. ಬೈಗುಳವಾದರೆ ತಡೆದುಕೊಳ್ಳಬಹುದಿತ್ತು. ಅದು ಬರೀ ನೋಟ.

ನನ್ನ ಕೈ ಆಗಲೇ ಕೆಲಸ ಶುರುಮಾಡಿಬಿಟ್ಟಿತ್ತು. ನೆಟ್ಟಗಿನ ಫೈಲ್ ತೆರೆದಿತ್ತು. ಕಳಿಸು ಎಂದು ಒತ್ತಿಯೂ ಆಗಿತ್ತು. ಲ್ಯಾಪ್‌ಟಾಪಿನ ನಡುವೆ ಒಂದು ಚೌಕ ಎದ್ದು ನಿಂತಿತು: ಹಳೆಯದು ಅಳಿಸಿಹೋಗುತ್ತದೆ, ಮುಂದುವರಿಯಬೇಕೇ? ಹೌದು, ಇಲ್ಲ. ಬಾಣದ ಗುರುತು ಹೌದು ಎಂಬುದರ ಮೇಲೆ ಕೂತಿತ್ತು. ಬೆರಳು ಕೆಳಗಿಳಿದರೆ ಸಾಕು.

ಅಕ್ಕ ಯಾವಾಗ ಹತ್ತಿರ ಬಂದರೋ ತಿಳಿಯಲಿಲ್ಲ. ಹಿಂದಿನಿಂದ ಅವರ ದನಿ ಬಂತು.

"ತಮ್ಮಾ, ನಿಮ್ಮದೂ ಏನೋ ಕೇಳಾಕತ್ತೈತಲ್ಲ. ಏನಂತದು?"

ನಾನು ತಿರುಗಲಿಲ್ಲ. "ಏನಿಲ್ಲ ಅಕ್ಕಾ."

"ಏನಿಲ್ದ ಹಂಗ ಎದ್ದು ನಿಲ್ಲತೈತೇನು? ನೀವ ಹೇಳಿದ್ರಲ್ಲಾ, ಓದದ ಒತ್ತಬ್ಯಾಡ್ರಿ ಅಂತ. ಓದ್ರಿ."

ನಾನು ಓದಿದೆ. "ಹಳೇದು ಅಳಿಸಿಹೋಗುತ್ತೆ, ಅಳಿಸ್ಲಾ ಅಂತ ಕೇಳ್ತಿದೆ."

"ಹಳೇದು ಅಂದ್ರ?"

ನನ್ನ ಕಣ್ಣು ಯಂತ್ರದ ಹಸಿರು ಪರದೆಯ ಕಡೆ ಹೋಯಿತು.

"ನಂಗ ಹೇಳಿತಲ್ಲ, ಅದಾ?"

ಶೆಡ್ಡಿನಲ್ಲಿ ಯಾರೋ ಒಂದು ಯಂತ್ರ ನಿಲ್ಲಿಸಿದರು. ಆಮೇಲೆ ಇನ್ನೊಂದು ನಿಂತಿತು. ಯಜಮಾನರು, "ಏನ್ರಿ ಅದು, ಏನ್ ಅಳಿಸೋದು?" ಎಂದು ಮುಂದೆ ಬಂದರು. ಸಾರ್ ಇದ್ದಲ್ಲೇ ನಿಂತಿದ್ದರು. ಅವರು ಒಂದು ಮಾತು ಆಡಿದ್ದರೆ, ಒತ್ತು ಎಂದೋ, ಒತ್ತಬೇಡ ಎಂದೋ, ನನಗೆ ಎಷ್ಟು ಹಗುರವಾಗುತ್ತಿತ್ತು.

ಇಲ್ಲ ಎಂಬುದನ್ನು ಒತ್ತಿದೆ.

ದೊಡ್ಡ ಧೈರ್ಯ ಮಾಡಿದೆ ಎಂದುಕೊಳ್ಳಬೇಡಿ. ಹಿಂದೆ ಅಕ್ಕ ನಿಂತಿರದಿದ್ದರೆ ಏನನ್ನು ಒತ್ತುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಸಾರ್, ಒಂದ್ನಿಮಿಷ," ಎಂದು ಯಜಮಾನರಿಗೆ ಹೇಳಿ ಯಂತ್ರದ ಪರದೆಯ ಹತ್ತಿರ ಹೋದೆ. ಎಚ್ಚರಿಕೆ ಯಾವ ಕಾವಿಗೆ ಬರಬೇಕು ಎಂಬ ಅಂಕಿ ಅದರೊಳಗೇ ಇರುತ್ತದೆ. ಅದನ್ನು ತೆಗೆದು ಇಪ್ಪತ್ತು ಡಿಗ್ರಿಗೆ ಇಳಿಸಿದೆ. ಯಂತ್ರ ಆರಿ ತಣ್ಣಗಾಗುತ್ತ ಬಂದಿದ್ದರೂ ಆ ತಗಡಿನ ಶೆಡ್ಡಿನ ಗಾಳಿಯೇ ಅದಕ್ಕಿಂತ ಬಿಸಿ. ಬಜ಼ರ್ ಕಿರುಚಿತು. ಹಸಿರು ಪರದೆಯ ಮೇಲೆ ಎರಡು ಸಾಲು ಮೂಡಿತು.

ಯಜಮಾನರು ಬಗ್ಗಿ ನೋಡಿದರು. ಕನ್ನಡಕ ತಂದಿರಲಿಲ್ಲ. "ಓದು" ಎಂದರು ನನಗೆ.

ಓದಿದೆ. ಸಾದಾ ದನಿಯಲ್ಲೇ ಓದಬೇಕೆಂದು ಶುರುಮಾಡಿದೆ. ಆದರೆ ಆ ಸಾಲು ನನ್ನ ನಾಲಿಗೆಯಲ್ಲಿ ಹುಟ್ಟಿದ್ದೇ ಬೇರೆ ದನಿಯಲ್ಲಿ. ನೂರು ಸಲ ಆಡಿ ಪಳಗಿದ್ದದ್ದು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೂಗಿನ ಹ್ಞೂಂ ತಾನಾಗಿ ಬಂದುಬಿಟ್ಟಿತು. ಸಾರ್‌ರ ಎದುರಿಗೆ, ಸಾರ್‌ರ ದನಿಯಲ್ಲಿ, "ಪರವಾಗಿಲ್ಲ, ನೋಡ್ಕೊಳೋಣ" ಎಂದು ಓದಿ ಮುಗಿಸಿದೆ.

ಯಾರೋ ಒಬ್ಬ ಹುಡುಗ ಫಕ್ಕನೆ ನಕ್ಕು, ನಡುವೆಯೇ ಬಾಯಿ ಮುಚ್ಚಿಕೊಂಡ.

ಯಜಮಾನರು ನನ್ನನ್ನೂ ಸಾರ್‌ರನ್ನೂ ಒಂದಾದ ಮೇಲೊಂದು ನೋಡಿದರು. "ಇದು ನೀವೇ ಮಾತಾಡಿದಂಗಿದೆಯಲ್ರೀ!"

"ನಂದೇ ಸಾರ್ ತಪ್ಪು," ಎಂದೆ. "ನಾನೇ ಬರೆದಿದ್ದು. ತಮಾಷೆಗೆ. ತೆಗೆದಿದೀನಿ ಅಂತ ಇವತ್ತು ಬೆಳಗ್ಗೆ ಸುಳ್ಳು ಹೇಳ್ದೆ. ಸಾರ್‌ಗೆ ಗೊತ್ತಿರ್ಲಿಲ್ಲ. ಇದಕ್ಕೇನು ಮಾಡೋದು ಅಂತ ಅಕ್ಕ ಕೇಳಿದ್ರು, ಓಕೆ ಒತ್ತಿ ಅಂತ ನಾನೇ ಹೇಳ್ಕೊಟ್ಟಿದ್ದು. ಅವರು ಹೇಳ್ಕೊಟ್ಟಂಗೇ ಮಾಡಿದಾರೆ."

ಇಷ್ಟನ್ನು ಹೇಳಿದ ಮೇಲೆ ಶೆಡ್ಡಿನಲ್ಲಿ ಬಜ಼ರ್ ಒಂದೇ ಕೂಗುತ್ತಿತ್ತು. ನಾನು ಅದನ್ನು ನಿಲ್ಲಿಸುವುದನ್ನೂ ಮರೆತಿದ್ದೆ. ಅಕ್ಕ ಬಂದು ಓಕೆ ಒತ್ತಿದರು. ಹತ್ತನೆಯ ಸಲ.

ಸಾರ್ ಬಾಯಿ ತೆರೆದರು. ಅಭ್ಯಾಸಬಲ, "ಪರ" ಎಂಬಷ್ಟು ಹೊರಬಂತು; ಉಳಿದದ್ದನ್ನು ನುಂಗಿಕೊಂಡರು. ಆಗ ನನಗೆ ಹೊಳೆದದ್ದು ಇದು: ವರ್ಕ್‌ಶಾಪಿನಲ್ಲಿ ಅವರು ಆ ಮಾತು ಹೇಳಿದ ಮೇಲೆ ಅಂಗಿಯ ತೋಳು ಮಡಿಸಿ ಸುಟ್ಟ ವೈರನ್ನು ತಾವೇ ಬಿಚ್ಚಲು ಕೂರುತ್ತಿದ್ದರು. ನಾನು ಕದ್ದದ್ದು ಮಾತನ್ನು ಮಾತ್ರ. ಆ ತೋಳು ಮಡಿಸುವವನು ಪರದೆಯೊಳಗೆ ಇರಲಿಲ್ಲ.

"ಬರೆದಿದ್ದು ಇವನು ಸಾರ್," ಎಂದರು ಸಾರ್ ಕೊನೆಗೆ, "ನೋಡಿದೀನಿ, ಎಲ್ಲಾ ಸರಿಯಿದೆ ಅಂತ ಟೆಸ್ಟ್ ರಿಪೋರ್ಟಿಗೆ ಸೈನ್ ಹಾಕಿದ್ದು ನಾನು. ಹೀಟರ್ ಆನ್ ಆಫ್ ಮಾಡೋ ರಿಲೇ ಅಂಟ್ಕೊಂಡಿರ್ಬೇಕು, ಅದೂ ನಮ್ಮದೇ. ಆ ಯಮ್ಮಂದು ಇದ್ರಲ್ಲಿ ಏನೂ ಇಲ್ಲ. ಇವತ್ತೇ ರಿಲೇ ಬದಲಾಯಿಸಿ, ಒಂದೊಂದು ಮೆಸೇಜೂ ನಾನೇ ಓದಿ ಹಾಕಿಸ್ತೀನಿ." ಆಮೇಲೆ ನನ್ನ ಕಡೆ ತಿರುಗದೆಯೇ, "ನಿನ್ನ ಹತ್ರ ಆಮೇಲೆ ಮಾತಾಡ್ತೀನಿ" ಎಂದರು. ಅವರ ದನಿ ತೆಗೆಯಲು ಅದಾದ ಮೇಲೆ ಬಹಳ ದಿನ ನನಗೆ ಆಗಲಿಲ್ಲ.

ಯಜಮಾನರು ಇಕ್ಕಟ್ಟಿಗೆ ಸಿಕ್ಕರು. ಬೆಳಗ್ಗೆಯಿಂದ ಇಡೀ ಶೆಡ್ಡಿನ ಮುಂದೆ ಒಬ್ಬರನ್ನು ನಿಲ್ಲಿಸಿ ಬೈದಿದ್ದಾರೆ. ಈಗ ಅದೇ ಶೆಡ್ಡು ಯಂತ್ರ ನಿಲ್ಲಿಸಿ ಅವರ ಬಾಯಿಯನ್ನೇ ನೋಡುತ್ತಿದೆ. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಅಚ್ಚು ಕಚ್ಚಿಕೊಂಡ ಯಂತ್ರವನ್ನು ಒಂದು ಸುತ್ತು ನೋಡಿದರು. ಅಕ್ಕನ ಮುಖವನ್ನು ಮಾತ್ರ ನೋಡಲಿಲ್ಲ.

"ಸರಿ," ಎಂದರು. "ಈ ವರ್ಕ್‌ಶಾಪಿನವರದೂ ತಪ್ಪಿದೆ ಅನ್ನಿ. ಆದ್ರೂ ಮಷೀನ್ ಹೇಳ್ತು ಅಂತ ಮನುಷ್ಯರು ಹಂಗೇ ಬಿಟ್ಟುಬಿಡೋದಾ? ಸ್ವಲ್ಪ ನಿನ್ನದೂ ಇದೆಯಮ್ಮಾ. ಒಂದು ಕೆಲಸ ಮಾಡು. ಇನ್ನು ಹಿಂಗೆಲ್ಲ ಮಾಡಲ್ಲ, ಕ್ಷಮಿಸಿ ಅಂತ ಒಂದು ಕಾಗದ ಬರೆದುಕೊಡು. ಆಫೀಸಲ್ಲಿ ಇರ್ಲಿ. ನಾಳೆಯಿಂದ ಕೆಲಸಕ್ಕೆ ಬಾ."

ಸುತ್ತ ನಿಂತವರು ಉಸಿರು ಬಿಟ್ಟರು. ಕೆಲಸ ಉಳಿಯಿತು, ಒಂದು ಕಾಗದ ತಾನೇ, ಬರೆದುಕೊಟ್ಟರಾಯಿತು ಎಂಬ ಭಾವ ಎಲ್ಲರ ಮುಖದಲ್ಲಿತ್ತು. ನನ್ನ ಮುಖದಲ್ಲೂ ಇತ್ತು. ನಾನೇ ಜೇಬಿನಿಂದ ಪೆನ್ನು ತೆಗೆದು ಮುಂದೆ ಚಾಚಿದ್ದೆ.

ಅಕ್ಕ ಪೆನ್ನನ್ನು ನೋಡಿದರು. ಮುಟ್ಟಲಿಲ್ಲ. ಸಡಿಲವಾಗಿದ್ದ ಎಡಗೈಯ ಗವಸನ್ನು ಬಲಗೈಯಿಂದ ಎಳೆದು ಬಿಗಿ ಮಾಡಿಕೊಂಡು, ಯಜಮಾನರ ಕಡೆಗೆ ತಿರುಗಿದರು.

"ಬರಿಯೂ ಚಟ ಈ ಹುಡುಗಂದ್ರೀ, ಕಾಗದ ಅವನ ಕಡೆ ಬರಸ್ಕೋರಿ. ನಂದು ಇನ್ನ ಮೂರು ತಾಸು ಶಿಫ್ಟ್ ಐತಿ, ಅಚ್ಚು ಬಿಚ್ಚಾಕ ಸ್ಪ್ಯಾನರ್ ಕೊಡ್ರಿ."